ಡಬ್ಬಿಯಲ್ಲಿ 19 ಬಟಾಣಿ

ಕಳೆದ ಡಿಸೆಂಬರಿನ ಮೊದಲ ವಾರ. ಆಫೀಸಿನ ವಾರ್ಷಿಕ ಆರೋಗ್ಯ ತಪಾಸಣೆಯ ವರದಿ ಬಂತು. ಎಚ್‌ಬಿಎ1ಸಿ ಎದುರು 6.1 ಎಂದಿತ್ತು. ಇದು ರಕ್ತದಲ್ಲಿ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಲೆಕ್ಕ. 5.7ರಿಂದ 6.4ರೊಳಗಿದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರ್ಥ. ನನ್ನ ಅಪ್ಪನಿಗೆ 45ಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ನನಗೀಗ 38. ಹೊಸ್ತಿಲಿನ ಆಚೆ ಏನಿದೆ ಎಂಬುದನ್ನು ಚಿಕ್ಕಂದಿನಿಂದ ಮನೆಯಲ್ಲೇ ನೋಡಿದ್ದೇನೆ.

ಆಹಾರ ತಜ್ಞೆ ಫೋನಿನಲ್ಲಿ ಕೇಳಿದರು: "ತರಕಾರಿ ತಿನ್ನುತ್ತೀರಾ?"

"ದಿನಾ ತಿನ್ನುತ್ತೇನೆ. ಇವತ್ತೂ ಡಬ್ಬಿಯಲ್ಲಿ ಬಟಾಣಿ ಪುಲಾವ್ ಇದೆ."

"ಬಟಾಣಿ ಎಷ್ಟು?"

ಇದೆಂಥ ಪ್ರಶ್ನೆ ಎಂದುಕೊಂಡೆ. ಮಧ್ಯಾಹ್ನ ಡಬ್ಬಿ ತೆಗೆದಾಗ ಸುಮ್ಮನೆ ಕುತೂಹಲಕ್ಕೆ ಚಮಚದಲ್ಲಿ ಬಟಾಣಿಯನ್ನೆಲ್ಲ ಒಂದು ಕಡೆಗೆ ಸರಿಸಿ ಎಣಿಸಿದೆ. ಸರಿಯಾಗಿ 19. ಮನೆಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿ ಅಷ್ಟೇ ಕಾಳು ಇಟ್ಟು ತೂಗಿದೆ. 8 ಗ್ರಾಂ. ಉಳಿದದ್ದೆಲ್ಲ ಅನ್ನ. ನಾನು "ತರಕಾರಿ" ಎಂದು ನಂಬಿಕೊಂಡಿದ್ದು ಅನ್ನದ ಮೇಲಿನ ಹಸಿರು ಚುಕ್ಕೆಗಳನ್ನು.

ನಮ್ಮ ಕಟ್ಟಡದ ಕೆಳಮನೆಯಲ್ಲಿರುವ ಕಾಕು ಅವರಿಗೆ ಇದನ್ನು ಮೆಟ್ಟಿಲಲ್ಲಿ ನಿಂತು ಹೇಳಿದೆ. 74 ವರ್ಷದ ಅವರು ಹುಟ್ಟಿ ಬೆಳೆದದ್ದೆಲ್ಲ ಸದಾಶಿವ ಪೇಠದಲ್ಲೇ. ಮಾತು ನೇರ. "ಪುಲಾವಾತಲೇ ಮಟಾರ್ ಮೋಜತೋಸ್? ವಾಟೀ ಘೇ!" ಎಂದರು. ಪುಲಾವಿನೊಳಗಿನ ಬಟಾಣಿ ಎಣಿಸ್ತೀಯಾ, ಬಟ್ಟಲು ತಗೋ ಎಂದು. ಮರುದಿನ ಒಂದು ಸ್ಟೀಲಿನ ಬಟ್ಟಲು ತುಂಬ ಮಟಾರ್ ಉಸಳ ಮೇಲೆ ಬಂತು. ಅದರಲ್ಲಿ ಬಟಾಣಿಯದೇ ದರ್ಬಾರು. ಎಣಿಸುವ ಪ್ರಶ್ನೆಯೇ ಇರಲಿಲ್ಲ.

ಬಟಾಣಿಯ ಗುಣಗಳನ್ನು ನಾವೆಲ್ಲ ಅಷ್ಟಿಷ್ಟು ಕೇಳಿದ್ದೇವೆ. ಆದರೆ ಆ ಗುಣ ದಕ್ಕಬೇಕಾದರೆ ಅದನ್ನು ಅಲಂಕಾರಕ್ಕಲ್ಲ, ಊಟಕ್ಕೆ ತಿನ್ನಬೇಕು. ನನಗೆ ಇದು ಅರ್ಥವಾದದ್ದು ಆ ಬಟ್ಟಲಿನಿಂದ.

ಸದಾಶಿವ ಪೇಠದ ಚಳಿಗಾಲ

ನಮ್ಮ ಹಳೇ ಮೈಸೂರು ಕಡೆ ಚಳಿಗಾಲವೆಂದರೆ ಅವರೆಕಾಯಿ. ಡಿಸೆಂಬರ್ ಬಂದರೆ ಅಮ್ಮನ ಫೋನು ಶುರುವಾಗುವುದೇ ಹೀಗೆ: "ಅಲ್ಲಿ ಅವರೆಕಾಯಿ ಸಿಗಲ್ವೇನೋ?" ಇಲ್ಲಿ ಪಾವ್ಟಾ ಎಂದು ಸಿಗುತ್ತದೆ. ಆದರೆ ಅದಕ್ಕೆ ನಮ್ಮೂರಿನ ಸೊಗಡಿಲ್ಲ. ಮೊದಮೊದಲು ಪುಣೆಯ ಚಳಿಗಾಲ ನನಗೆ ಖಾಲಿ ಖಾಲಿ ಅನ್ನಿಸುತ್ತಿತ್ತು.

ಆಮೇಲೆ ಗಮನಿಸಿದೆ. ಅಲ್ಲಿ ಅವರೆಕಾಯಿ ಕೂತ ಜಾಗದಲ್ಲಿ ಇಲ್ಲಿ ಬಟಾಣಿ ಕೂತಿದೆ. 1761ರ ಪಾಣಿಪತ್ ಯುದ್ಧದಲ್ಲಿ ಮಡಿದ ಸದಾಶಿವರಾವ್ ಭಾವೂ ಹೆಸರು ಹೊತ್ತ ಈ ಪೇಠದಲ್ಲಿ ಡಿಸೆಂಬರ್ ಸಂಜೆ ನಡೆದರೆ, ಹಳೆಯ ಮನೆಗಳ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಯಾರಾದರೂ ಬಟಾಣಿ ಬಿಡಿಸುತ್ತಿರುವುದು ಕಾಣುತ್ತದೆ. ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ನಡೆಯುವುದೂ ಈ ಡಿಸೆಂಬರಿನಲ್ಲೇ. ಕಾಕು ಅವರ ಪಂಚಾಂಗದಲ್ಲಿ "ಸವಾಯಿ ಬಂತೆಂದರೆ ಮಟಾರ್ ಬಂತು."

ಬಾಜೀರಾವ್ ರಸ್ತೆ ದಾಟಿ ಹೋದರೆ ಮಂಡಯಿ. 1886ರಲ್ಲಿ ರೇ ಮಾರ್ಕೆಟ್ ಎಂಬ ಹೆಸರಿನಲ್ಲಿ ತೆರೆದ ಈ ತರಕಾರಿ ಮಾರುಕಟ್ಟೆಗೆ ಈಗ ಮಹಾತ್ಮಾ ಫುಲೆ ಅವರ ಹೆಸರಿದೆ. ಅಲ್ಲಿ ಈ ದಿನಗಳಲ್ಲಿ ಬಟಾಣಿಯ ಗುಡ್ಡಗಳೇ ಇರುತ್ತವೆ. ಮಧ್ಯಪ್ರದೇಶದ ಜಬಲ್ಪುರ ಮುಂತಾದ ಕಡೆಗಳಿಂದ ಲಾರಿಗಟ್ಟಲೆ ಬರುತ್ತದೆ. ಮಳೆಗಾಲದಲ್ಲಿ ಬೇಕಾದರೆ ದಿವೆ ಘಾಟ್ ಹತ್ತಿದರೆ ಸಿಗುವ ಪುರಂದರ ತಾಲ್ಲೂಕೇ ಬೆಳೆಯುತ್ತದೆ. ಆಗಸ್ಟಿನಲ್ಲಿ ಜೇಜುರಿಗೆ, ಅಂದರೆ ನಮ್ಮ ಮೈಲಾರಲಿಂಗನೇ ಖಂಡೋಬನಾಗಿರುವ ಕ್ಷೇತ್ರಕ್ಕೆ, ಹೋಗಿ ಬರುವಾಗ ಸಾಸವಡದ ಹತ್ತಿರ ದಾರಿ ಬದಿಯಲ್ಲಿ ತಾಜಾ ಬಟಾಣಿ ಕೊಂಡು ಭಂಡಾರದ ಹಳದಿ ಅಂಟಿದ ಕೈಯಲ್ಲೇ ಕಾರಿನೊಳಗೆ ಕೂತು ಬಿಡಿಸಿ ತಿಂದಿದ್ದೇವೆ.

ಮರಾಠಿಯಲ್ಲಿ ಹಸಿಯದಕ್ಕೆ ಮಟಾರ್, ಒಣಗಿದ್ದಕ್ಕೆ ವಾಟಾಣಾ. ವಾಟಾಣಾ, ಬಟಾಣಿ ನೆಂಟರೆಂದು ಕಿವಿಗೇ ಗೊತ್ತಾಗುತ್ತದೆ. ಉಸಳ ಕೂಡ ಹೊಸದಲ್ಲ, ನಮ್ಮ ಉಸಲಿಯ ಬಳಗವೇ. ನಾವು ಕಾಳನ್ನು ಒಗ್ಗರಿಸಿ ಒಣಗಾಗಿ ಮಾಡುತ್ತೇವೆ, ಇವರು ಸ್ವಲ್ಪ ರಸ ಬಿಡುತ್ತಾರೆ. ಪುಣೆಯವರ ಪರಮ ಐಷಾರಾಮವೆಂದರೆ ಶಿಕರಣ ಮತ್ತು ಮಟಾರ್ ಉಸಳ ಎಂದು ಮರಾಠಿಗರೇ ತಮಾಷೆ ಮಾಡುತ್ತಾರೆ. ಶಿಕರಣ ಎಂದರೆ ನಮ್ಮ ಬಾಳೆಹಣ್ಣಿನ ಸೀಕರಣೆ. ಈ ಎರಡರಲ್ಲಿ ನನಗೆ ವರದಿ ಬಿಟ್ಟುಕೊಟ್ಟದ್ದು ಒಂದನ್ನು ಮಾತ್ರ!

ತರಕಾರಿಯ ವೇಷದ ಕಾಳು

ಬಟಾಣಿಯನ್ನು ನಾವು ಕೊಳ್ಳುವುದು ತರಕಾರಿ ಅಂಗಡಿಯಲ್ಲಿ. ಆದರೆ ಅದು ಹುಟ್ಟಿನಲ್ಲಿ ದ್ವಿದಳ ಧಾನ್ಯ. ತೊಗರಿ, ಕಡಲೆ, ಹೆಸರಿನ ಕುಟುಂಬದ್ದು. ನಾವು ತಿನ್ನುವುದು ಬಲಿಯುವ ಮೊದಲೇ ಕಿತ್ತ ಬೀಜವನ್ನು. ಹಾಗಾಗಿ ಕಾಳಿನ ಗುಣವೂ ಇದೆ, ತರಕಾರಿಯ ಗುಣವೂ ಇದೆ.

ಅಮೆರಿಕದ ಕೃಷಿ ಇಲಾಖೆಯ ಪೋಷಕಾಂಶ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಬಟಾಣಿಯಲ್ಲಿ 81 ಕ್ಯಾಲೊರಿ, 5.4 ಗ್ರಾಂ ಪ್ರೋಟೀನ್, 14.5 ಗ್ರಾಂ ಕಾರ್ಬೋಹೈಡ್ರೇಟ್, 5.7 ಗ್ರಾಂ ನಾರು, 40 ಮಿಲಿಗ್ರಾಂ ವಿಟಮಿನ್ ಸಿ, 65 ಮೈಕ್ರೋಗ್ರಾಂ ಫೋಲೇಟ್, ಸುಮಾರು ಒಂದೂವರೆ ಮಿಲಿಗ್ರಾಂ ಕಬ್ಬಿಣ ಇವೆ. ಕೊಬ್ಬು ಅರ್ಧ ಗ್ರಾಂ ಕೂಡ ಇಲ್ಲ. ಇದೇ 100 ಗ್ರಾಂ ಲೆಕ್ಕದಲ್ಲಿ ಪ್ರೋಟೀನ್ ಬೀನ್ಸ್‌ನಲ್ಲಿ ಎರಡು ಗ್ರಾಂಗಿಂತ ಕಡಿಮೆ, ಬದನೆ, ಟೊಮೆಟೊಗಳಲ್ಲಿ ಒಂದು ಗ್ರಾಂ ಆಸುಪಾಸು.

ಈಗ ನನ್ನ ಡಬ್ಬಿಗೆ ಬನ್ನಿ. 19 ಕಾಳು, 8 ಗ್ರಾಂ. ಪ್ರೋಟೀನ್ ಅರ್ಧ ಗ್ರಾಂಗೂ ಕಡಿಮೆ, ನಾರೂ ಅಷ್ಟೇ. ಕಾಕು ಅವರ ಬಟ್ಟಲಿನಲ್ಲಿ ಸುಮಾರು 150 ಗ್ರಾಂ ಬಟಾಣಿ. ಅಂದರೆ 8 ಗ್ರಾಂ ಪ್ರೋಟೀನ್, ಎಂಟೂವರೆ ಗ್ರಾಂ ನಾರು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಮೂರನೇ ಒಂದು ಭಾಗ ಒಂದೇ ಬಟ್ಟಲಿನಲ್ಲಿ ಬಂತು. ನಮ್ಮ ಐಸಿಎಂಆರ್ ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ಇರುವವರಿಗೆ ಸುಮಾರು 54 ಗ್ರಾಂ. ಸಸ್ಯಾಹಾರಿ ಮನೆಯಲ್ಲಿ ತೆಳು ಸಾರು, ಅನ್ನ, ಒಂದು ಲೋಟ ಮಜ್ಜಿಗೆಯಿಂದ ಅಲ್ಲಿಗೆ ತಲುಪುವುದು ಸುಲಭವಲ್ಲ. ಕೂಡಿಸಿ ನೋಡಿದವರಿಗೆ ಗೊತ್ತು.

ಇನ್ನೊಂದು ಅನುಕೂಲವೂ ಇದೆ. ಅಕ್ಕಿ, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬಟಾಣಿಯಲ್ಲಿ ಅದು ಧಾರಾಳ. ಬಟಾಣಿಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯಗಳಲ್ಲಿದೆ. ಚಪಾತಿಯ ಪಕ್ಕ ಉಸಳ ಕೂತರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಪುಲಾವಿನ 19 ಕಾಳು ಅನ್ನದ ಕೊರತೆ ತುಂಬುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಹಾಕಿದೆ. ಜನವರಿಯಲ್ಲಿ ನಾನು ಮಂಡಯಿಯಲ್ಲಿ ಕಿಲೋಗೆ ಕೊಟ್ಟದ್ದು 40 ರೂಪಾಯಿ. ಬಿಡಿಸಿ ತೂಗಿದಾಗ ಸಿಕ್ಕ ಕಾಳು 470 ಗ್ರಾಂ. ಸಾಮಾನ್ಯವಾಗಿ ಕಾಯಿಯ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ಕಾಳು ಬರುವುದು. ಆ ಲೆಕ್ಕದಲ್ಲಿ ಒಂದು ಬಟ್ಟಲಿಗೆ 13 ರೂಪಾಯಿ ಬಿತ್ತು. ಹಿಂಜವಡಿಯಲ್ಲಿ ಸಂಜೆ ಹಸಿವಿಗೆ ನಾನು ತಿನ್ನುತ್ತಿದ್ದ ಪ್ರೋಟೀನ್ ಬಾರ್ 60 ರೂಪಾಯಿ. ಅದರಲ್ಲಿ 10 ಗ್ರಾಂ ಪ್ರೋಟೀನ್, ಜೊತೆಗೆ ಕೇಳದಿದ್ದರೂ ಬರುವ ಸಕ್ಕರೆ.

ಸಿಹಿ ಎಲ್ಲಿಂದ ಬಂತು?

"ಸಕ್ಕರೆ ಇರುವವರಿಗೆ ಸಿಹಿ ಬಟಾಣಿ ಆಗುತ್ತದೆಯೇ?" ಎಂದು ನನ್ನ ಹೆಂಡತಿ ಕೇಳಿದಳು. ಸರಿಯಾದ ಪ್ರಶ್ನೆ. ಉತ್ತರ ಹುಡುಕಿದಾಗ ಶಾಲೆಯ ಜೀವಶಾಸ್ತ್ರ ನೆನಪಾಯಿತು. 1856ರಿಂದ ಸುಮಾರು ಎಂಟು ವರ್ಷ ಗ್ರೆಗರ್ ಮೆಂಡಲ್ ಬ್ರನೋ ಊರಿನ ಮಠದ ತೋಟದಲ್ಲಿ ಸಾವಿರಾರು ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡರಲ್ಲ, ಅಲ್ಲಿ ದುಂಡು ಬೀಜ, ಸುಕ್ಕು ಬೀಜ ಎಂದು ಬರುತ್ತಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು, ಊಟಕ್ಕೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಿರಲಿಲ್ಲ. ಸುಕ್ಕು ಬೀಜದಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ ಎಂದು 1990ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಸಕ್ಕರೆ ಪಿಷ್ಟವಾಗದೆ ಉಳಿಯುತ್ತದೆ, ಕಾಳು ಹೆಚ್ಚು ನೀರು ಹಿಡಿಯುತ್ತದೆ, ಒಣಗಿದಾಗ ಸುಕ್ಕುತ್ತದೆ. ನಾವು ಹಸಿಯಾಗಿ ತಿನ್ನುವ ಅರ್ಕೆಲ್‌ನಂಥ ಸಿಹಿ ತಳಿಗಳು ಈ ಸುಕ್ಕು ಬೀಜದವು.

ಆದರೂ ಆ ಸಿಹಿ ಹೆದರುವಷ್ಟಿಲ್ಲ. 100 ಗ್ರಾಂನಲ್ಲಿ ಸಕ್ಕರೆ 6 ಗ್ರಾಂಗಿಂತ ಕಡಿಮೆ. ನಾರು, ಪ್ರೋಟೀನ್ ಜೊತೆಗಿರುವುದರಿಂದ ಅದು ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಆದರೆ ಒಂದು ಷರತ್ತಿದೆ, ಆಹಾರ ತಜ್ಞೆ ಎರಡೆರಡು ಸಲ ಹೇಳಿದ್ದು: ಬಟಾಣಿಯಲ್ಲಿ ಪಿಷ್ಟವೂ ಇದೆ, ಅದನ್ನು ಸೌತೆಕಾಯಿಯಂತೆ ಲೆಕ್ಕವಿಲ್ಲದೆ ತಿನ್ನಬೇಡಿ. ಬಟ್ಟಲು ಬಟಾಣಿ ತಟ್ಟೆಗೆ ಬಂದರೆ ಒಂದು ಚಪಾತಿಯೋ ಒಂದು ಹಿಡಿ ಅನ್ನವೋ ತಟ್ಟೆಯಿಂದ ಹೋಗಬೇಕು. ಬಟಾಣಿ, ಆಲೂಗಡ್ಡೆ, ಅನ್ನ ಮೂರೂ ಒಟ್ಟಿಗೆ ಬಡಿಸಿಕೊಂಡು "ತರಕಾರಿ ತಿಂದೆ" ಎಂದರೆ ಅದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಹಸಿ, ಫ್ರೋಜನ್, ಒಣಗಿದ್ದು

ಗಿಡದಿಂದ ಕಿತ್ತ ಕ್ಷಣದಿಂದ ಬಟಾಣಿಯ ಸಕ್ಕರೆ ಪಿಷ್ಟವಾಗತೊಡಗುತ್ತದೆ, ವಿಟಮಿನ್ ಸಿ ಇಳಿಯತೊಡಗುತ್ತದೆ. ಹಾಗಾಗಿ ತಂದ ದಿನವೇ ಬಿಡಿಸಿ ಮಾಡಿದರೆ ರುಚಿ. ಕಾಯಿ ಹೊಳೆಯುತ್ತಿರಬೇಕು, ಮುರಿದರೆ ಚಟ್ಟೆನ್ನಬೇಕು. ಒಳಗಿನ ಕಾಳು ಒಂದಕ್ಕೊಂದು ಒತ್ತಿ ಚೌಕಾಕಾರವಾಗಿದ್ದರೆ ಬಲಿತಿದೆ ಎಂದರ್ಥ. ಬೇಯಲೂ ಹೊತ್ತು, ತಿನ್ನಲೂ ಹಿಟ್ಟು.

ನಗರದಲ್ಲಿರುವ ನಮ್ಮಂಥವರಿಗೆ ವರ್ಷದ ಹೆಚ್ಚಿನ ತಿಂಗಳು ಸಿಗುವುದು ಫ್ರೋಜನ್ ಬಟಾಣಿ. ಅದನ್ನು ಕೀಳಾಗಿ ಕಾಣಬೇಕಿಲ್ಲ. ಕಿತ್ತ ಸ್ವಲ್ಪ ಹೊತ್ತಿನಲ್ಲೇ ಬಿಸಿನೀರಿನಲ್ಲಿ ಅದ್ದಿ ಮೈನಸ್ 18 ಡಿಗ್ರಿಗೆ ಇಳಿಸುವುದರಿಂದ ಪೋಷಕಾಂಶ ಬಹುಪಾಲು ಉಳಿಯುತ್ತದೆ. ಬುಟ್ಟಿಯಲ್ಲಿ ನಾಲ್ಕು ದಿನ ಬಾಡಿದ ಕಾಯಿಗಿಂತ ಇದೇ ವಾಸಿ. ಪೇಠದ ಮನೆಗಳಲ್ಲಿ ಜನವರಿಯಲ್ಲಿ ಅಗ್ಗವಾದಾಗ ಹತ್ತು ಕಿಲೋ ತಂದು ಇದನ್ನೇ ಮಾಡುತ್ತಾರೆ. ಬಿಡಿಸಿದ ಕಾಳನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ, ತಕ್ಷಣ ಐಸ್ ನೀರಿಗೆ, ಬಟ್ಟೆಯ ಮೇಲೆ ಹರಡಿ ನೀರಾರಿಸಿ, ಚಿಕ್ಕ ಚಿಕ್ಕ ಚೀಲ ಕಟ್ಟಿ ಫ್ರೀಜರಿಗೆ. ಬಿಸಿನೀರು ಹಾಳುಮಾಡುವ ಕಿಣ್ವಗಳನ್ನು ನಿಲ್ಲಿಸುತ್ತದೆ, ತಣ್ಣೀರು ಬೇಯುವುದನ್ನು ನಿಲ್ಲಿಸುತ್ತದೆ. ಚಿಕ್ಕ ಚೀಲ ಯಾಕೆಂದರೆ ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡಬಾರದು.

ಬೆಂಗಳೂರಿನ ಮಸಾಲಾ ಪುರಿಯಲ್ಲಿ ನಮಗೆ ಪ್ರಿಯವಾದ ಒಣ ಬಟಾಣಿಯ ಕಥೆ ಬೇರೆ. ನೀರಿನಂಶ ಹೋಗಿರುವುದರಿಂದ ತೂಕಕ್ಕೆ ಪ್ರೋಟೀನ್ ಹೆಚ್ಚು, ವಿಟಮಿನ್ ಸಿ ಮಾತ್ರ ಇಲ್ಲವೆನ್ನಬೇಕು. ಅದನ್ನು ಬೇಳೆಯ ಜಾಗದಲ್ಲಿ ಬಳಸಿ, ತರಕಾರಿಯ ಜಾಗದಲ್ಲಲ್ಲ. ಕೆಲವೆಡೆ ಒಣ ಬಟಾಣಿಯನ್ನು ನೆನೆಸಿ, ಬಣ್ಣ ಹಾಕಿ, ಬಿಡಿಸಿದ ತಾಜಾ ಬಟಾಣಿ ಎಂದು ಮಾರುವುದುಂಟು. ಎಫ್‌ಎಸ್‌ಎಸ್‌ಎಐ ಹೇಳಿಕೊಟ್ಟ ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಸ್ವಲ್ಪ ಕಾಳು ಹಾಕಿ, ನೀರು ಬೆರೆಸಿ ಅರ್ಧ ಗಂಟೆ ಬಿಡಿ. ನೀರಿಗೆ ಹಸಿರು ಬಿಟ್ಟರೆ ಕಲಬೆರಕೆ. ಕಾಯಿ ಕೊಂಡು ಬಿಡಿಸಿಕೊಳ್ಳುವವರಿಗೆ ಈ ಚಿಂತೆಯೇ ಇಲ್ಲ.

ಕಾಕು ಅವರ ಉಸಳ

ನಾಲ್ವರಿಗೆ ಒಂದೂಕಾಲು ಕಿಲೋ ಕಾಯಿ, ಅಂದರೆ ಸುಮಾರು 600 ಗ್ರಾಂ ಕಾಳು. ಎರಡು ಹಸಿಮೆಣಸಿನಕಾಯಿ, ಒಂದಿಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಮೂರು ಚಮಚ ತೆಂಗಿನ ತುರಿ ಸೇರಿಸಿ ರುಬ್ಬಿಕೊಳ್ಳಿ. ಎರಡು ಚಮಚ ಎಣ್ಣೆಯಲ್ಲಿ ಜೀರಿಗೆ, ಇಂಗಿನ ಒಗ್ಗರಣೆ. ಬಟಾಣಿ ಹಾಕಿ ಎರಡು ನಿಮಿಷ ಹೊರಳಾಡಿಸಿ, ಒಂದು ಲೋಟ ಬಿಸಿನೀರು ಬಿಡಿ. ಮೇಲೆ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲೂ ಸ್ವಲ್ಪ ನೀರು ಹಾಕಿಡಿ. ಎಳೆಯ ಕಾಳು ಎಂಟು ಹತ್ತು ನಿಮಿಷದಲ್ಲಿ ಬೇಯುತ್ತದೆ. ರುಬ್ಬಿದ ಮಸಾಲೆ, ಉಪ್ಪು ಹಾಕಿ ಒಂದು ಕುದಿ ಬರಿಸಿ, ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ. ಕಾಕು ಒಂದು ಚಿಟಿಕೆ ಸಕ್ಕರೆ ಹಾಕುತ್ತಾರೆ. ನನ್ನ ಪಾಲಿಗೆ ಅದು ರದ್ದಾಗಿದೆ. ಚಪಾತಿ ಜೊತೆ ಚೆನ್ನ. ಪುಣೆಯವರು ಬ್ರೆಡ್ ಜೊತೆಗೂ ತಿನ್ನುತ್ತಾರೆ.

ನಿಂಬೆ ಕೊನೆಗೇ ಯಾಕೆ? ಹುಳಿ ಮೊದಲೇ ಬಿದ್ದರೆ ಹಸಿರು ಬಣ್ಣ ಮಂಕಾಗುತ್ತದೆ, ಕುದಿದರೆ ನಿಂಬೆಯ ವಿಟಮಿನ್ ಸಿ ಕೂಡ ಕಡಿಮೆಯಾಗುತ್ತದೆ. ಬಟಾಣಿಯ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಆ ವಿಟಮಿನ್ ಸಿ ಬೇಕು. ಊಟ ಮುಗಿದ ಕೂಡಲೇ ಫಿಲ್ಟರ್ ಕಾಫಿ ಕುಡಿಯುವ ನಮ್ಮ ಚಟ ಇದಕ್ಕೆ ಅಡ್ಡಗಾಲು. ಒಂದು ಗಂಟೆ ತಡೆದರೆ ಒಳ್ಳೆಯದು. ಹಸಿರು ಉಳಿಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣ ಉಳಿಯುತ್ತದೆ ನಿಜ, ವಿಟಮಿನ್ ಹೋಗುತ್ತದೆ.

ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಬಟಾಣಿಯಲ್ಲಿ ಪೊಟ್ಯಾಸಿಯಂ ಇದೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಹೊಟ್ಟೆಯುಬ್ಬರ ಆಗುವವರು ಅರ್ಧ ಬಟ್ಟಲಿನಿಂದ ಶುರುಮಾಡಿ. ಇಂಗು, ಶುಂಠಿ ಬಿಡಬೇಡಿ. ಚಿಕ್ಕ ಮಕ್ಕಳಿಗೆ ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳಬಹುದು, ಹಿಸುಕಿ ಕೊಡಿ.

ವರದಿ ಮತ್ತೆ ಬಂತು

ಮಾರ್ಚಿನಲ್ಲಿ ಮತ್ತೆ ರಕ್ತ ಕೊಟ್ಟೆ. 5.8. ಹೊಸ್ತಿಲು ಇನ್ನೂ ದಾಟಿ ಹಿಂದೆ ಬಂದಿಲ್ಲ, ಆದರೆ ಒಂದು ಹೆಜ್ಜೆ ಹಿಂದಿಟ್ಟಿದ್ದೇನೆ. ಇದು ಬಟಾಣಿಯ ಪವಾಡ ಎಂದು ಹೇಳಿದರೆ ತಪ್ಪಾಗುತ್ತದೆ. ಈ ಮೂರು ತಿಂಗಳಲ್ಲಿ ದಿನಾ ನಡೆದಿದ್ದೇನೆ, ರಾತ್ರಿಯ ಅನ್ನ ಅರ್ಧಕ್ಕಿಳಿದಿದೆ, ಸಂಜೆಯ ಬಾರ್ ನಿಂತಿದೆ. ಬಟಾಣಿ ಮಾಡಿದ್ದು ಇಷ್ಟೇ: ಅನ್ನ ತೆಗೆದ ಜಾಗವನ್ನು ಖಾಲಿ ಬಿಡದೆ ತುಂಬಿತು. ಹಸಿವಾಗಲಿಲ್ಲ, ಹಾಗಾಗಿ ಪಥ್ಯ ಮುರಿಯಲಿಲ್ಲ. ಬೇಸಿಗೆಯಲ್ಲಿ ಬಟಾಣಿ ತುಟ್ಟಿಯಾದ ಮೇಲೆ ಅದೇ ಬಟ್ಟಲಿಗೆ ಹೆಸರುಕಾಳು, ಅಲಸಂದೆ ಬಂದಿವೆ. ಬಟ್ಟಲು ಮಾತ್ರ ಹಾಗೇ ಇದೆ.

ಅಪ್ಪನಿಗೂ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ನಮ್ಮ ಕಾಲದಲ್ಲಿ ಯಾರೂ ಎಣಿಸೋಕೆ ಹೇಳಲಿಲ್ಲ ಕಣೋ" ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅಮ್ಮ ಫೋನ್ ಕಿತ್ತುಕೊಂಡು, "ಅವರೆಕಾಯಿಗೂ ಇದೇ ಲೆಕ್ಕಾನಾ?" ಎಂದು ಕೇಳಿದಳು. ಹೌದಮ್ಮ, ಹೆಚ್ಚು ಕಡಿಮೆ ಇದೇ ಲೆಕ್ಕ, ಉಪ್ಪಿಟ್ಟಿನಲ್ಲಿ ನಾಲ್ಕು ಕಾಳಲ್ಲ, ಸಾರಿನಲ್ಲಿ ಬಟ್ಟಲು ತುಂಬ ಎಂದೆ.

ಕಾಕು ಅವರ ಬೆರಳಿನ ಗಂಟುಗಳು ಈಗ ನೋಯುತ್ತವೆ. ಈ ಚಳಿಗಾಲದಲ್ಲಿ ಅವರ ಬಟಾಣಿ ಬಿಡಿಸಿಕೊಡುವ ಕೆಲಸ ನನ್ನ ಮಗಳಿಗೂ ನನಗೂ ಸೇರಿದ್ದು. ಮಗಳು ಬಿಡಿಸುವುದಕ್ಕಿಂತ ತಿನ್ನುವುದೇ ಹೆಚ್ಚು. ಎಷ್ಟು ತಿಂದಳೆಂದು ಯಾರೂ ಎಣಿಸುವುದಿಲ್ಲ. ನೀವೂ ನಾಳೆ ಮಧ್ಯಾಹ್ನ ಡಬ್ಬಿ ತೆರೆದಾಗ ಒಮ್ಮೆ ಎಣಿಸಿ ನೋಡಿ. ಎಣಿಸುವುದಕ್ಕೆ ಆಗುವಷ್ಟೇ ಇದ್ದರೆ, ಕಾಕು ಹೇಳಿದ್ದು ನಿಮಗೂ ಅನ್ವಯ: ಬಟ್ಟಲು ತಗೊಳ್ಳಿ.